ಮನೆಯವರ ದುಡಿಮೆಗೂ ಲೆಕ್ಕವಿರಲಿ: ರಾಮನಗರದ ರೇಷ್ಮೆಯಿಂದ ಪರದೇಶದ ಅಂಗಡಿಯವರೆಗೆ

ಕೊಲ್ಲಿ ರಾಷ್ಟ್ರಗಳಲ್ಲಿ, ಇಂಗ್ಲೆಂಡಿನಲ್ಲಿ, ಕೆನಡಾದಲ್ಲಿ ನಮ್ಮ ಕರಾವಳಿಯ ಅನೇಕರು ಸಣ್ಣ ಅಂಗಡಿ, ಹೋಟೆಲ್, ಗ್ಯಾರೇಜ್, ಹೊಲಿಗೆ ಅಂಗಡಿಗಳನ್ನು ನಡೆಸುತ್ತಿದ್ದಾರೆ. ವ್ಯಾಪಾರ ಸ್ವಲ್ಪ ಕುದುರಿದ ಕೂಡಲೇ ಮೊದಲು ನೆನಪಾಗುವವರು ಮನೆಯವರೇ. ಊರಿನಿಂದ ತಮ್ಮನನ್ನು ಕರೆಸಿಕೊಳ್ಳುತ್ತಾರೆ, ಹೆಂಡತಿ ಕ್ಯಾಶ್ ಕೌಂಟರಿನಲ್ಲಿ ಕೂರುತ್ತಾಳೆ, ಮಗ ಶಾಲೆ ಮುಗಿಸಿ ಬಂದು ಸಾಮಾನು ಜೋಡಿಸುತ್ತಾನೆ. ನಂಬಿಕೆಯ ಜನ, ಕಳ್ಳತನದ ಭಯವಿಲ್ಲ. ಸಂಬಳದ ಮಾತು ಬಂದಾಗ ಮಾತ್ರ "ನಮ್ಮವನೇ ಅಲ್ಲವೇ, ಅವನಿಗೇನು ಲೆಕ್ಕ?" ಎಂಬ ಉತ್ತರ ಬರುತ್ತದೆ.

ಈ ಉತ್ತರ ಪರದೇಶದಲ್ಲಿ ಹುಟ್ಟಿದ್ದಲ್ಲ. ನಾವು ಊರಿನಿಂದ ಕೊಂಡುಹೋದದ್ದು. ಆದುದರಿಂದ ಮೊದಲು ನಮ್ಮ ರಾಜ್ಯದಲ್ಲೇ ಮನೆಯವರ ದುಡಿಮೆಯ ಮೇಲೆ ನಿಂತ ಕಸುಬುಗಳನ್ನು ನೋಡೋಣ. ಅದಕ್ಕೆ ಬೆಂಗಳೂರಿನ ಪಕ್ಕದ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಆಮೇಲೆ ಕಡಲಾಚೆಯ ಅಂಗಡಿಗೆ ಬರೋಣ.

ನಾಲ್ಕು ಊರು, ಮನೆಯೇ ಕಾರ್ಖಾನೆ

2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರೆಯಾಗಿ ಈ ನಾಲ್ಕು ತಾಲೂಕುಗಳು ರಾಮನಗರ ಜಿಲ್ಲೆಯಾದವು. 2025ರ ಮೇ ತಿಂಗಳಲ್ಲಿ ಜಿಲ್ಲೆಯ ಹೆಸರನ್ನು ಬೆಂಗಳೂರು ದಕ್ಷಿಣ ಎಂದು ಬದಲಾಯಿಸಲು ರಾಜ್ಯ ಸಚಿವ ಸಂಪುಟ ಒಪ್ಪಿತು. ಹೆಸರು ಯಾವುದೇ ಇರಲಿ, ಈ ಸೀಮೆಯ ಬದುಕು ರೇಷ್ಮೆಯ ಮೇಲೆ ಬಹಳವಾಗಿ ನಿಂತಿದೆ. ರಾಮನಗರದ ಸರ್ಕಾರಿ ರೇಷ್ಮೆಗೂಡು ಮಾರುಕಟ್ಟೆ ಏಷ್ಯಾದ ಅತಿ ದೊಡ್ಡದೆಂದು ಹೆಸರಾಗಿದೆ.

ಗೂಡು ಮಾರುಕಟ್ಟೆಗೆ ಬರುವ ಮೊದಲು ರೈತನ ಮನೆಯಲ್ಲಿ ಏನು ನಡೆಯುತ್ತದೆ ನೋಡಿ. ಚಾಕಿ ಹುಳುವಿನಿಂದ ಗೂಡು ಕಟ್ಟುವವರೆಗೆ ಸುಮಾರು 25ರಿಂದ 28 ದಿನ. ಹುಳು ನಾಲ್ಕು ಬಾರಿ ಪೊರೆ ಬಿಡುತ್ತದೆ. ರೈತರು ಇದನ್ನು 'ಜ್ವರ' ಎನ್ನುತ್ತಾರೆ. ನಾಲ್ಕನೇ ಜ್ವರದಿಂದ ಎದ್ದ ಹುಳುವಿನ ಹಸಿವು ಹೇಳತೀರದು. ಹಿಪ್ಪುನೇರಳೆ ಸೊಪ್ಪು ಕೊಯ್ದು ತರುವುದು, ದಿನಕ್ಕೆ ಹಲವು ಸಲ ಹಾಕುವುದು, ಕಸ ತೆಗೆಯುವುದು, ಹಣ್ಣಾದ ಹುಳುಗಳನ್ನು ಆರಿಸಿ ಚಂದ್ರಿಕೆಗೆ ಬಿಡುವುದು, ಇಷ್ಟಕ್ಕೂ ಮನೆಯವರ ಕೈಗಳೇ ಬೇಕು. ರಾತ್ರಿ ಸೊಪ್ಪು ಹಾಕುವವಳು ಹೆಚ್ಚಾಗಿ ಮನೆಯೊಡತಿ. ಮಾರುಕಟ್ಟೆಯಲ್ಲಿ ಗೂಡು ಮಾರಿದ ಹಣ ಮಾತ್ರ ಮನೆಯ ಯಜಮಾನನ ಖಾತೆಗೆ ಹೋಗುವುದೇ ಹೆಚ್ಚು.

ಗೂಡು ಕೊಂಡ ನೂಲು ಬಿಚ್ಚಾಣಿಕೆದಾರನ ಮನೆಯಲ್ಲೂ ಇದೇ ಕಥೆ. ಬಿಸಿನೀರಿನಲ್ಲಿ ಗೂಡು ಬೇಯಿಸಬೇಕು, ಎಳೆಯ ತುದಿ ಹುಡುಕಿ ಸುತ್ತಬೇಕು. ಕೈಬೆರಳು ದಿನವಿಡೀ ನೀರಿನಲ್ಲಿ ನೆನೆಯುತ್ತದೆ. ಪರವಾನಗಿ ಒಬ್ಬನ ಹೆಸರಿನಲ್ಲಿರುತ್ತದೆ. ದುಡಿಯುವವರು ಅವನ ತಮ್ಮ, ಹೆಂಡತಿ, ಸೊಸೆ, ಜೊತೆಗೆ ಕೆಲವು ಕೂಲಿಯವರು. ಮುಂದೆ ಅದೇ ನೂಲಿಗೆ ಹುರಿ ಹಾಕುವ ಯಂತ್ರಗಳಲ್ಲೂ ಮನೆಯವರು ಮತ್ತು ಕೂಲಿಯವರು ಹೀಗೆಯೇ ಬೆರೆತಿರುತ್ತಾರೆ.

ಚನ್ನಪಟ್ಟಣಕ್ಕೆ ಬಂದರೆ ಬಣ್ಣದ ಗೊಂಬೆ. ಆಲೆ ಮರವನ್ನು ಲೇತಿನಲ್ಲಿ ಕಡೆದು, ತಿರುಗುತ್ತಿರುವಾಗಲೇ ಬಣ್ಣದ ಅರಗನ್ನು ಒತ್ತಿ ಹಿಡಿಯುತ್ತಾರೆ. ಬಿಸಿಗೆ ಅರಗು ಕರಗಿ ಮರಕ್ಕೆ ಅಂಟುತ್ತದೆ. ತಾಳೆಗರಿಯಿಂದ ಉಜ್ಜಿದಾಗ ಹೊಳಪು ಬರುತ್ತದೆ. ಈ ಗೊಂಬೆಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ. ಲೇತಿನ ಮುಂದೆ ಕುಳಿತವನನ್ನು ನಾವು ಕುಶಲಕರ್ಮಿ ಎನ್ನುತ್ತೇವೆ. ಬಿಡಿಭಾಗ ಜೋಡಿಸಿ, ಮಣಿ ಪೋಣಿಸಿ, ಕಣ್ಣು ಮೂಗು ಬರೆದು, ಡಬ್ಬಿಗೆ ತುಂಬುವ ಹೆಂಗಸರನ್ನು 'ಮನೆಯಲ್ಲಿ ಸ್ವಲ್ಪ ಸಹಾಯ ಮಾಡುತ್ತಾರೆ' ಎನ್ನುತ್ತೇವೆ. ಸರ್ಕಾರದ ಸಮೀಕ್ಷೆಗಳಲ್ಲೂ ಇವರಿಗೆ ಮನೆ ಉದ್ಯಮದ ಸಂಬಳವಿಲ್ಲದ ಸಹಾಯಕರು ಎಂಬ ಪ್ರತ್ಯೇಕ ವಿಭಾಗವೇ ಇದೆ.

ಬರೆಯದಿದ್ದರೆ ಏನು ನಷ್ಟ?

ಒಟ್ಟು ಕುಟುಂಬ ಚೆನ್ನಾಗಿರುವಾಗ ಏನೂ ನಷ್ಟವಿಲ್ಲ ಎಂದೇ ಕಾಣುತ್ತದೆ. ತೊಂದರೆ ಬರುವುದು ನಾಲ್ಕು ಸಂದರ್ಭಗಳಲ್ಲಿ.

ಮೊದಲನೆಯದು ಯಜಮಾನನ ಮರಣ. ಪರವಾನಗಿ, ಬ್ಯಾಂಕ್ ಖಾತೆ, ಸಾಲ ಎಲ್ಲವೂ ಒಬ್ಬನ ಹೆಸರಿನಲ್ಲಿದ್ದರೆ, ಹತ್ತು ವರ್ಷ ಜೊತೆಗೆ ದುಡಿದ ತಮ್ಮ ಕಾಗದದಲ್ಲಿ ಯಾರೂ ಅಲ್ಲ. ಅವನು ಪಾಲುದಾರನೇ, ಕೆಲಸಗಾರನೇ ಎಂಬುದಕ್ಕೆ ಉತ್ತರವಿಲ್ಲ. ಅತ್ತಿಗೆ ಮೈದುನರ ಜಗಳ ಶುರುವಾಗುವುದು ಇಲ್ಲಿಂದಲೇ.

ಎರಡನೆಯದು ಅಪಘಾತ. ರಸ್ತೆ ಅಪಘಾತದ ಪರಿಹಾರ ಲೆಕ್ಕ ಹಾಕುವಾಗ ನ್ಯಾಯಮಂಡಳಿ ನೋಡುವುದು ಆದಾಯವನ್ನು. ದಾಖಲೆ ಇಲ್ಲದಿದ್ದರೆ ಅಂದಾಜಿನ ಆದಾಯವೇ ಗತಿ. ಮನೆಗೆಲಸ ಮಾಡುವ ಗೃಹಿಣಿಯ ದುಡಿಮೆಗೂ ಆದಾಯದ ಬೆಲೆ ಕಟ್ಟಬೇಕೆಂದು ಸುಪ್ರೀಂ ಕೋರ್ಟ್ 2021ರಲ್ಲಿ ಒತ್ತಿ ಹೇಳಿದೆ, ನಿಜ. ಆದರೆ ನ್ಯಾಯಾಲಯದ ಅಂದಾಜಿಗಿಂತ ಕೈಯಲ್ಲಿರುವ ಬ್ಯಾಂಕ್ ಪಾಸ್ ಪುಸ್ತಕ ಮೇಲು.

ಮೂರನೆಯದು ಸರ್ಕಾರದ ಸೌಲಭ್ಯ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಗೊಂಬೆ ತಯಾರಕರಿದ್ದಾರೆ. ನಮ್ಮ ಕರಾವಳಿಯ ಮೀನುಬಲೆ ಹೆಣೆಯುವವರೂ, ದರ್ಜಿಗಳೂ ಇದ್ದಾರೆ. ತರಬೇತಿ ಭತ್ಯೆ, ಉಪಕರಣಕ್ಕೆ 15,000 ರೂಪಾಯಿ, ಎರಡು ಕಂತಿನಲ್ಲಿ ಒಟ್ಟು 3 ಲಕ್ಷ ರೂಪಾಯಿಯವರೆಗೆ ಶೇ. 5ರ ಬಡ್ಡಿಯ ಸಾಲ. ಆದರೆ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳಿರುವ ಒಂದು ಕುಟುಂಬದಲ್ಲಿ ಒಬ್ಬರಿಗೆ ಮಾತ್ರ. ಯಾರ ಹೆಸರು ಬರೆಸಬೇಕೆಂದು ಮನೆಯಲ್ಲಿ ಚರ್ಚೆಯೇ ಆಗದೆ ಗಂಡಸಿನ ಹೆಸರು ಹೋಗುತ್ತದೆ. ಅದೇ ವೇಳೆ 2021ರ ಆಗಸ್ಟಿನಲ್ಲಿ ಬಂದ ಇ-ಶ್ರಮ್ ನೋಂದಣಿ, 2015ರ ಅಟಲ್ ಪಿಂಚಣಿ ಇವು ವ್ಯಕ್ತಿಗೆ ಸಂಬಂಧಿಸಿದವು. ಅರ್ಹತೆ ಇದ್ದರೆ ಹೆಂಡತಿಯೂ ಸೊಸೆಯೂ ಬೇರೆ ಬೇರೆಯಾಗಿ ಸೇರಬಹುದು. ಇದನ್ನು ತಿಳಿದವರು ಕಡಿಮೆ.

ನಾಲ್ಕನೆಯದು ಲೆಕ್ಕದ ಮೋಸ. ಇದು ಯಾರೋ ಮಾಡಿದ ಮೋಸವಲ್ಲ, ನಮಗೆ ನಾವೇ ಮಾಡಿಕೊಳ್ಳುವುದು. ಒಂದು ಉದಾಹರಣೆ ಇಟ್ಟುಕೊಳ್ಳೋಣ. ಖರ್ಚು ಕಳೆದು ತಿಂಗಳಿಗೆ 18,000 ರೂಪಾಯಿ ಲಾಭ ಎಂದು ಒಬ್ಬರು ಸಂತೋಷಪಡುತ್ತಾರೆ. ಹೆಂಡತಿ ಮತ್ತು ತಮ್ಮ ತಿಂಗಳಿಗೆ 25 ದಿನ ದುಡಿದಿದ್ದಾರೆ. ಹೊರಗಿನವರಿಗಾದರೆ ದಿನಕ್ಕೆ 400 ರೂಪಾಯಿ ಕೊಡಬೇಕಿತ್ತು. ಇಬ್ಬರದ್ದೂ ಸೇರಿ 20,000 ಆಯಿತು. ಅಂದರೆ ಆ ಕಸುಬು ಲಾಭದಲ್ಲಿಲ್ಲ, 2,000 ನಷ್ಟದಲ್ಲಿದೆ. ಮನೆಯವರ ಬೆವರು ಅದನ್ನು ಮುಚ್ಚಿಟ್ಟಿದೆ. ಈ ಲೆಕ್ಕ ತಿಳಿಯದೆ ಇನ್ನಷ್ಟು ಸಾಲ ಮಾಡಿ ಕೆಲಸ ವಿಸ್ತರಿಸಿದರೆ ಏನಾಗುತ್ತದೆಂದು ವಿವರಿಸಬೇಕಾಗಿಲ್ಲ.

ನಮ್ಮ ದೇಶದ ಕಾನೂನು

ಹಳೆಯ ಕಾನೂನು ಈ ವಿಷಯದಲ್ಲಿ ಮನೆಯ ಹೊಸಿಲಿನ ಹೊರಗೇ ನಿಂತಿತ್ತು. ಜೊತೆಯಲ್ಲಿ ವಾಸಿಸುವ, ಮಾಲಿಕನನ್ನೇ ಅವಲಂಬಿಸಿದ ಕುಟುಂಬದ ಸದಸ್ಯನ ವೇತನಕ್ಕೆ ತಾನು ಅನ್ವಯಿಸುವುದಿಲ್ಲವೆಂದು 1948ರ ಕನಿಷ್ಠ ವೇತನ ಕಾಯ್ದೆ ಸ್ಪಷ್ಟವಾಗಿ ಹೇಳಿತ್ತು. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಇಎಸ್‌ಐಗೆ ಸಾಮಾನ್ಯವಾಗಿ 10 ಜನ, ಭವಿಷ್ಯನಿಧಿಗೆ 20 ಜನ ಕೆಲಸಗಾರರಿರಬೇಕು. ಮನೆಯ ಹಿಂದಿನ ಶೆಡ್ಡಿನಲ್ಲಿ ನಡೆಯುವ ಕಸುಬು ಅಷ್ಟು ದೊಡ್ಡದಾಗುವುದು ಅಪರೂಪ. ಹೀಗಾಗಿ ಕಾನೂನು ತಾನಾಗಿ ಬಂದು ಮನೆಯವರನ್ನು ಕಾಪಾಡುವುದಿಲ್ಲ. ನಾವೇ ಬರೆದಿಟ್ಟುಕೊಳ್ಳಬೇಕು.

ಆದಾಯ ತೆರಿಗೆ ಕಟ್ಟುವವರು ಎರಡು ಮಾತು ನೆನಪಿಡಬೇಕು. ಸಂಬಂಧಿಕರಿಗೆ ಸಂಬಳ ಕೊಟ್ಟು ಖರ್ಚಿನಲ್ಲಿ ತೋರಿಸಬಹುದು. ಆದರೆ ಅದು ಕೆಲಸಕ್ಕೆ ತಕ್ಕ, ಮಾರುಕಟ್ಟೆಯ ದರದ ಸಂಬಳವಾಗಿರಬೇಕು. ಮಿತಿಮೀರಿದ ಭಾಗವನ್ನು ಅಧಿಕಾರಿ ತಳ್ಳಿಹಾಕಬಹುದು. ಗಂಡನ ಉದ್ಯಮದಿಂದ ಹೆಂಡತಿ ಪಡೆಯುವ ಸಂಬಳ ಗಂಡನ ಆದಾಯಕ್ಕೇ ಸೇರುತ್ತದೆ. ಆ ಕೆಲಸಕ್ಕೆ ಬೇಕಾದ ತಾಂತ್ರಿಕ ಅಥವಾ ವೃತ್ತಿಪರ ಅರ್ಹತೆ ಆಕೆಗಿದ್ದು, ಸಂಬಳ ಅದರಿಂದಲೇ ಬಂದಿದ್ದರೆ ಮಾತ್ರ ವಿನಾಯಿತಿ. ಹೆಂಡತಿ ನಡೆಸುವ ಉದ್ಯಮದಲ್ಲಿ ಗಂಡ ದುಡಿದರೂ ಇದೇ ನಿಯಮ. ತೆರಿಗೆ ಉಳಿಸಲೆಂದೇ ಸಂಬಳ ಬರೆಯುವವರು ಇಲ್ಲಿ ಎಡವುತ್ತಾರೆ.

ಮಕ್ಕಳ ವಿಷಯ ಬೇರೆ

ರೇಷ್ಮೆ ಉದ್ಯಮದಲ್ಲಿ ಜೀತಕ್ಕಿದ್ದ ಮಕ್ಕಳ ಕುರಿತು ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2003ರಲ್ಲಿ ಕರ್ನಾಟಕ, ತಮಿಳುನಾಡು, ಉತ್ತರ ಪ್ರದೇಶಗಳ ವರದಿ ಪ್ರಕಟಿಸಿದಾಗ ದೊಡ್ಡ ಚರ್ಚೆಯಾಗಿತ್ತು. 2016ರ ತಿದ್ದುಪಡಿಯ ನಂತರ 14 ವರ್ಷದೊಳಗಿನ ಮಕ್ಕಳನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. ಕುಟುಂಬದ ಕಸುಬಿಗೆ ಒಂದು ವಿನಾಯಿತಿ ಇದೆ: ಅಪಾಯವಿಲ್ಲದ ಕೆಲಸ, ಅದೂ ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ, ಓದಿಗೆ ತೊಂದರೆಯಾಗದಂತೆ. 14ರಿಂದ 18ರವರನ್ನು ಅಪಾಯಕಾರಿ ಕೆಲಸಕ್ಕೆ ಹಚ್ಚುವಂತಿಲ್ಲ. ಅಪ್ಪನ ಪಕ್ಕ ಕುಳಿತು ಗೊಂಬೆಗೆ ಬಣ್ಣ ಕಲಿಯುವುದು ಒಂದು. ಗೂಡು ಬೇಯಿಸುವ ಪಾತ್ರೆಯ ಮುಂದೆ, ಹುರಿ ಯಂತ್ರದ ಸಾಲಿನಲ್ಲಿ ಮಗುವನ್ನು ನಿಲ್ಲಿಸುವುದು ಇನ್ನೊಂದು. 'ನಮ್ಮದೇ ಮಗು' ಎಂಬ ಮಾತು ಎರಡನೆಯದಕ್ಕೆ ಸಮರ್ಥನೆಯಾಗದು.

ಕಡಲಾಚೆ ಏನು ಕೇಳುತ್ತಾರೆ?

ಈಗ ಪರದೇಶದ ಅಂಗಡಿಗೆ ಬರೋಣ. ಅಲ್ಲಿ ಮೊದಲ ಪ್ರಶ್ನೆ ಸಂಬಳದ್ದಲ್ಲ, ಪರವಾನಗಿಯದ್ದು. ಅವಲಂಬಿತರ ವೀಸಾ ಇದ್ದ ಮಾತ್ರಕ್ಕೆ ಎಲ್ಲಾ ದೇಶಗಳಲ್ಲಿ ಕೆಲಸ ಮಾಡುವ ಹಕ್ಕು ಬರುವುದಿಲ್ಲ. ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಗಂಡನ ವೀಸಾದಲ್ಲಿರುವ ಹೆಂಡತಿ ಅಂಗಡಿಯಲ್ಲಿ ಕೆಲಸಕ್ಕೆ ನಿಲ್ಲಬೇಕಾದರೆ ಕಾರ್ಮಿಕ ಸಚಿವಾಲಯದ ಕೆಲಸದ ಪರವಾನಗಿ ಬೇಕು. ಪರವಾನಗಿ ಇಲ್ಲದವರನ್ನು ದುಡಿಸಿದ ಮಾಲಿಕನಿಗೆ 2024ರ ತಿದ್ದುಪಡಿಯಂತೆ 1 ಲಕ್ಷದಿಂದ 10 ಲಕ್ಷ ದಿರ್‌ಹಮ್‌ವರೆಗೆ ದಂಡವಿದೆ. "ಸಂಬಳ ಕೊಡುತ್ತಿಲ್ಲ, ಸುಮ್ಮನೆ ಸಹಾಯ" ಎಂಬ ಉತ್ತರವನ್ನು ನಂಬಿ ಕೂರುವುದು ಅಪಾಯ. ಅಲ್ಲಿ ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿ, ಒಂದು ವರ್ಷ ಪೂರೈಸಿದವರಿಗೆ ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನಗಳ ಮೂಲವೇತನದಂತೆ. ಊರಿನಿಂದ ಕರೆಸಿದ ತಮ್ಮನಿಗೆ ಕಾಗದದಲ್ಲಿ ಕಡಿಮೆ ಮೂಲವೇತನ ಬರೆದು, ಉಳಿದದ್ದನ್ನು ಕೈಯಲ್ಲಿ ಕೊಟ್ಟರೆ ಅವನ ಗ್ರಾಚ್ಯುಟಿಯೂ ಅಷ್ಟಕ್ಕೇ ಇಳಿಯುತ್ತದೆ.

ಇಂಗ್ಲೆಂಡಿನಲ್ಲಿ ಮಾಲಿಕನ ಮನೆಯಲ್ಲೇ ವಾಸಿಸಿ ಕುಟುಂಬದ ವ್ಯಾಪಾರ ನಡೆಸಲು ನೆರವಾಗುವ ಸದಸ್ಯನಿಗೆ ಕನಿಷ್ಠ ವೇತನದ ನಿಯಮ ಅನ್ವಯಿಸುವುದಿಲ್ಲ. ಆದರೆ ವ್ಯಾಪಾರ ಲಿಮಿಟೆಡ್ ಕಂಪೆನಿಯಾಗಿದ್ದರೆ ಈ ವಿನಾಯಿತಿ ಇಲ್ಲ. ಕೆನಡಾದಲ್ಲಿ ಸಂಬಂಧಿಕರಿಗೆ ಕೊಟ್ಟ ಕೆಲಸ ನಿರುದ್ಯೋಗ ವಿಮೆಗೆ ಒಳಪಡಬೇಕಾದರೆ, ಹೊರಗಿನವನಿಗೂ ಹೆಚ್ಚುಕಡಿಮೆ ಅದೇ ಸಂಬಳ, ಅದೇ ಷರತ್ತಿನಲ್ಲಿ ಆ ಕೆಲಸ ಕೊಡುತ್ತಿದ್ದಿರಿ ಎಂದು ತೋರಬೇಕು. ಅಮೆರಿಕದಲ್ಲಿ ತಂದೆ ಅಥವಾ ತಾಯಿ ಸ್ವಂತ ಹೆಸರಿನಲ್ಲಿ ನಡೆಸುವ ವ್ಯಾಪಾರದಲ್ಲಿ 18 ದಾಟದ ಮಗನಿಗೋ ಮಗಳಿಗೋ ಕೊಟ್ಟ ಸಂಬಳಕ್ಕೆ ಸಾಮಾಜಿಕ ಭದ್ರತಾ ತೆರಿಗೆ ಇಲ್ಲ. ಆದರೆ ಕೆಲಸ ನಿಜವಾಗಿ ನಡೆದಿರಬೇಕು, ಸಂಬಳ ಕೆಲಸಕ್ಕೆ ತಕ್ಕದ್ದಾಗಿರಬೇಕು.

ದೇಶ ಬೇರೆ, ನಿಯಮ ಬೇರೆ. ಆದರೂ ಎಲ್ಲಾ ಕಡೆ ಕೇಳುವ ಪ್ರಶ್ನೆ ಒಂದೇ: ಈ ವ್ಯಕ್ತಿ ಹೊರಗಿನವನಾಗಿದ್ದರೆ ನೀವು ಏನು ಕೊಡುತ್ತಿದ್ದಿರಿ, ಏನು ಬರೆಯುತ್ತಿದ್ದಿರಿ?

ಇಂದೇ ಮಾಡಬಹುದಾದದ್ದು

1. ಒಂದು ಹಾಳೆಯಲ್ಲಿ ಬರೆಯಿರಿ: ಹೆಸರು, ಸಂಬಂಧ, ಕೆಲಸ, ಸಮಯ, ಸಂಬಳ, ಆರಂಭದ ದಿನಾಂಕ. ಇಬ್ಬರೂ ಸಹಿ ಹಾಕಿ. ಸಂಬಳವಲ್ಲ, ಪಾಲು ಎಂದಾದರೆ ಪಾಲುದಾರಿಕೆ ಪತ್ರವನ್ನೇ ಮಾಡಿಸಿ.

2. ಸಂಬಳವನ್ನು ಅವರ ಸ್ವಂತ ಬ್ಯಾಂಕ್ ಖಾತೆಗೆ ಹಾಕಿ. ಮೊತ್ತ ಚಿಕ್ಕದಾದರೂ ತಿಂಗಳು ತಪ್ಪಬಾರದು. ಊಟ, ವಸತಿ ಕೊಡುವುದಿದ್ದರೆ ಅದನ್ನೂ ಬೇರೆಯಾಗಿ ನಮೂದಿಸಿ.

3. ಉದ್ಯಮ್ ನೋಂದಣಿಯಲ್ಲಿ ಕೆಲಸಗಾರರ ಸಂಖ್ಯೆ ಕೇಳಿದಾಗ ಮನೆಯ ಹೆಂಗಸರನ್ನು ಮರೆಯಬೇಡಿ.

4. ಪರದೇಶಕ್ಕೆ ಕರೆಸುವವರು ಟಿಕೆಟ್ ಮಾಡುವ ಮೊದಲು ಕೆಲಸದ ಪರವಾನಗಿ ಮಾಡಿಸಿ. ಹೊರಡುವವರು ಒಪ್ಪಂದದ ಪ್ರತಿಯೊಂದನ್ನು ಮನೆಯಲ್ಲಿ ಬಿಟ್ಟು ಹೋಗಿ. ಒಪ್ಪಂದದ ಇನ್ನೊಂದು ಕಡೆ ಅಣ್ಣನೇ ಇದ್ದರೂ ಸರಿ.

5. ಸಂಬಳ ಬರೆಯುವ ಮೊದಲು ಆಯಾ ದೇಶದ ತೆರಿಗೆ ಸಲಹೆಗಾರರನ್ನು ಒಮ್ಮೆ ಕೇಳಿ. ನಿಯಮಗಳು ಬದಲಾಗುತ್ತಿರುತ್ತವೆ.

ನಮ್ಮ ವಾಳೆಯ ಗುರಿಕಾರರು, ಸ್ವಸಹಾಯ ಸಂಘಗಳ ಕಾರ್ಯಕರ್ತರು ಮನೆ ಭೇಟಿಗೆ ಹೋದಾಗ "ನಿಮ್ಮ ಯಜಮಾನರು ಏನು ಮಾಡುತ್ತಾರೆ?" ಎಂದು ಕೇಳುವುದು ರೂಢಿ. ಅದರ ಜೊತೆಗೆ "ನೀವು ಏನು ಮಾಡುತ್ತೀರಿ, ಅದಕ್ಕೆ ನಿಮ್ಮ ಹೆಸರಿನಲ್ಲಿ ಏನಿದೆ?" ಎಂದು ಹೆಂಗಸರನ್ನೂ ಕೇಳಿದರೆ ಎಷ್ಟೋ ಮನೆಗಳಲ್ಲಿ ಆ ವಿಷಯ ಮೊದಲ ಬಾರಿ ಮಾತಿಗೆ ಬಂದೀತು. ಲೆಕ್ಕ ಬರೆದರೆ ಪ್ರೀತಿ ಕಡಿಮೆಯಾಗುತ್ತದೆ ಎಂಬ ಅಂಜಿಕೆ ಹಲವರಿಗಿದೆ. ಅಣ್ಣತಮ್ಮಂದಿರು ಕೋರ್ಟಿನ ಮೆಟ್ಟಿಲು ಹತ್ತುವುದು ಸಾಮಾನ್ಯವಾಗಿ ಲೆಕ್ಕ ಬರೆದದ್ದಕ್ಕಲ್ಲ, ಬರೆಯದೆ ಬಿಟ್ಟದ್ದಕ್ಕೆ.