ತಪ್ಪು ಗೇರ್‌ಬಾಕ್ಸಿನದ್ದು, ಬೈಗುಳ ಡ್ರೈವರ್‌ಗೆ: ಫೋರ್ಡ್ ಪ್ರಕರಣ ನಮಗೆ ಹೇಳುವುದೇನು?

ಸಿಗ್ನಲ್ ಹಸಿರಾಯ್ತು. ಆಕ್ಸಿಲರೇಟರ್ ಒತ್ತಿದಿರಿ. ಕಾರು ಒಂದು ಕ್ಷಣ ಸುಮ್ಮನಿತ್ತು, ಆಮೇಲೆ ಗಡಗಡ ನಡುಗಿ ಮುಂದಕ್ಕೆ ಜಿಗಿಯಿತು. ಎಂಜಿನ್ನೇ ಕೆಟ್ಟಿರಬೇಕು ಅಂದುಕೊಂಡು ಸರ್ವೀಸ್ ಸೆಂಟರ್‌ಗೆ ಹೋದರೆ, "ಸಾರ್, ಈ ಗಾಡಿ ಇರೋದೇ ಹೀಗೆ. ನೀವು ಓಡ್ಸೋ ರೀತಿ ಸ್ವಲ್ಪ ಬದಲಾಯಿಸ್ಕೊಳ್ಳಿ" ಅನ್ನೋ ಉತ್ತರ.

ಗ್ರಾಹಕರಿಗೆ ಇಂಥದ್ದೇ ಉತ್ತರ ಕೊಟ್ಟು ಕಳಿಸಿದ್ದಕ್ಕೆ ಒಂದು ದೊಡ್ಡ ಕಂಪನಿ ಬೆಲೆ ತೆತ್ತಿದೆ. 2018ರ ಏಪ್ರಿಲ್‌ನಲ್ಲಿ ಆಸ್ಟ್ರೇಲಿಯಾದ ಫೆಡರಲ್ ಕೋರ್ಟ್ ಫೋರ್ಡ್‌ಗೆ 1 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ಹಾಕಿತು. ಇದು ಬರೀ ಕಾರಿನ ಕಥೆ ಅಲ್ಲ. ಒಂದೇ ದೋಷ ಸಾವಿರಾರು ಜನರಿಗೆ ಕಾಟ ಕೊಡುತ್ತಿದ್ದರೂ, ಪ್ರತಿಯೊಬ್ಬರೂ "ನನ್ನ ಗಾಡಿಗೆ ಮಾತ್ರ ಹೀಗೆ" ಎಂದು ಒಂಟಿಯಾಗಿ ಒದ್ದಾಡುವಂತೆ ಮಾಡುವ ವ್ಯವಸ್ಥೆಯ ಕಥೆ.

ಒಳಗೆ ಆಗಿದ್ದೇನು?

ಫೋರ್ಡ್‌ನ ಸಣ್ಣ ಕಾರುಗಳಾದ ಫಿಯೆಸ್ಟಾ (2011-16) ಮತ್ತು ಫೋಕಸ್‌ನಲ್ಲಿ (2012-16) 'ಪವರ್‌ಶಿಫ್ಟ್' ಎಂಬ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಇತ್ತು. ಎಂಜಿನಿಯರ್‌ಗಳ ಭಾಷೆಯಲ್ಲಿ ಅದು ಡಿಪಿಎಸ್6. ಇದರಲ್ಲಿ ಒಂದಲ್ಲ, ಎರಡು ಕ್ಲಚ್. ಒಂದು ಕ್ಲಚ್ 1, 3, 5ನೇ ಗೇರ್ ನೋಡಿಕೊಂಡರೆ ಇನ್ನೊಂದು 2, 4, 6ನೇ ಗೇರ್ ನೋಡಿಕೊಳ್ಳುತ್ತೆ. ನೀವು ಎರಡನೇ ಗೇರ್‌ನಲ್ಲಿರುವಾಗಲೇ ಮೂರನೆಯದು ಸಿದ್ಧವಾಗಿರುತ್ತೆ. ಕ್ಲಚ್ ಒತ್ತುವುದು, ಬಿಡುವುದು ಎಲ್ಲ ಕಂಪ್ಯೂಟರ್ ಕೆಲಸ. ಗೇರ್ ಬೇಗ ಬದಲಾಗುತ್ತೆ, ಪೆಟ್ರೋಲ್ ಉಳಿಯುತ್ತೆ. ಕಾಗದದ ಮೇಲೆ ಎಲ್ಲವೂ ಚೆಂದ.

ಸಮಸ್ಯೆ ಇದ್ದದ್ದು ಕ್ಲಚ್ 'ಒಣ' ಆಗಿದ್ದರಲ್ಲಿ. ಕೆಲವು ಗೇರ್‌ಬಾಕ್ಸ್‌ಗಳಲ್ಲಿ ಕ್ಲಚ್ ಎಣ್ಣೆಯಲ್ಲಿ ಮುಳುಗಿರುತ್ತೆ, ಆ ಎಣ್ಣೆಯೇ ಬಿಸಿಯನ್ನು ಹೊತ್ತೊಯ್ಯುತ್ತೆ. ಒಣ ಕ್ಲಚ್‌ಗೆ ಆ ಅನುಕೂಲ ಇಲ್ಲ. ಟ್ರಾಫಿಕ್‌ನಲ್ಲಿ ತೆವಳುವಾಗ ಕ್ಲಚ್ ಅರ್ಧ ಹಿಡಿದು ಅರ್ಧ ಜಾರುತ್ತಿರುತ್ತೆ. ಉಜ್ಜಿ ಉಜ್ಜಿ ಬಿಸಿಯಾಗುತ್ತೆ. ಹಿಡಿತ ಒಂದೇ ಸಮನಾಗಿ ಇರಲ್ಲ, ಇಡೀ ಗಾಡಿ ನಡುಗುತ್ತೆ. ಇದರ ಜೊತೆಗೆ ಸೀಲ್ ಸೋರಿ ಗೇರ್ ಆಯಿಲ್ ಕ್ಲಚ್ ಮೇಲೆ ಬೀಳುವುದು, ಗೇರ್‌ಬಾಕ್ಸ್ ನಿಯಂತ್ರಿಸುವ ಕಂಪ್ಯೂಟರ್ ಕೈಕೊಟ್ಟು ಓಡುತ್ತಿರುವಾಗಲೇ ಪವರ್ ಹೋಗುವುದು ಕೂಡ ವರದಿಯಾದವು.

ಅಂದರೆ ಸಿಲ್ಕ್ ಬೋರ್ಡ್ ಜಂಕ್ಷನ್‌ನಂಥ ಜಾಗದಲ್ಲಿ ದಿನಾ ತೆವಳುವವರಿಗೆ ಈ ತಂತ್ರಜ್ಞಾನ ಸುಲಭದ್ದಲ್ಲ. ತಪ್ಪು ತೆವಳುವವರದ್ದಾ? ನಗರದ ಕಾರು ಎಂದು ಮಾರಿದ ಮೇಲೆ ನಗರದಲ್ಲಿ ಓಡಲೇಬೇಕಲ್ವಾ?

ಗೊತ್ತಿದ್ದೂ ಮಾರಿದರಾ?

2019ರಲ್ಲಿ 'ಡೆಟ್ರಾಯಿಟ್ ಫ್ರೀ ಪ್ರೆಸ್' ಪತ್ರಿಕೆ ಕಂಪನಿಯ ಒಳದಾಖಲೆಗಳನ್ನು ಆಧರಿಸಿ ದೊಡ್ಡ ತನಿಖಾ ವರದಿ ಪ್ರಕಟಿಸಿತು. ಈ ಗೇರ್‌ಬಾಕ್ಸ್ ಬಗ್ಗೆ ಒಳಗಿನವರೇ ಮೊದಲೇ ಎಚ್ಚರಿಸಿದ್ದರು, ಆದರೂ ಕಾರುಗಳು ಮಾರುಕಟ್ಟೆಗೆ ಬಂದವು, ದೂರು ಬಂದ ಮೇಲೂ ಮಾರಾಟ ಮುಂದುವರಿಯಿತು ಅನ್ನೋದು ವರದಿಯ ಸಾರ. ಕಾರುಗಳು ಸುರಕ್ಷಿತವಾಗಿಯೇ ಇವೆ ಎಂಬುದು ಫೋರ್ಡ್ ನಿಲುವು.

ಆಸ್ಟ್ರೇಲಿಯಾದ ಪ್ರಕರಣದಲ್ಲಿ ಚರ್ಚೆಯಾದದ್ದು ಗೇರ್‌ಬಾಕ್ಸ್‌ಗಿಂತ ಹೆಚ್ಚಾಗಿ ನಡವಳಿಕೆ. ನಡುಕದ ಸಮಸ್ಯೆ ಇದೆ ಎಂದು ಕಂಪನಿಗೆ ಗೊತ್ತಿತ್ತು. ಆದರೂ ಕೆಲವು ಗ್ರಾಹಕರಿಗೆ, ನೀವು ಓಡಿಸುವ ರೀತಿಯಿಂದಲೇ ಹೀಗಾಗ್ತಿದೆ ಎಂದು ಹೇಳಲಾಯಿತು. ಹಣ ವಾಪಸ್ ಕೊಡುವ ಬದಲು, ಬೇರೆ ಕಾರು ಬೇಕಾದರೆ ಇನ್ನಷ್ಟು ದುಡ್ಡು ಹಾಕಿ ಎನ್ನಲಾಯಿತು. ವಾಪಸ್ ಬಂದ ಕಾರುಗಳನ್ನು ಅವುಗಳ ಹಿನ್ನೆಲೆ ಹೇಳದೆ ಮತ್ತೆ ಮಾರಲಾಯಿತು. ಇದನ್ನು ಕೋರ್ಟ್ ನ್ಯಾಯಪ್ರಜ್ಞೆಗೆ ವಿರುದ್ಧವಾದ ವರ್ತನೆ ಎಂದು ಕರೆಯಿತು.

ಮೂರು ದೇಶ, ಮೂರು ದಾರಿ

ಆಸ್ಟ್ರೇಲಿಯಾದಲ್ಲಿ ಕೋರ್ಟಿಗೆ ಹೋದದ್ದು ಸರ್ಕಾರದ ಗ್ರಾಹಕ ಹಕ್ಕು ಸಂಸ್ಥೆ. ಒಬ್ಬೊಬ್ಬ ಮಾಲೀಕರೂ ಲಾಯರ್ ಹುಡುಕಿಕೊಂಡು ಅಲೆಯಬೇಕಾಗಲಿಲ್ಲ.

ಅಮೆರಿಕದಲ್ಲಿ ಮಾಲೀಕರೇ ಒಟ್ಟಾಗಿ ಸಾಮೂಹಿಕ ದಾವೆ ಹೂಡಿದರು. ಸುಮಾರು 20 ಲಕ್ಷ ಹಾಲಿ ಮತ್ತು ಮಾಜಿ ಮಾಲೀಕರಿಗೆ ಅನ್ವಯಿಸುವ ರಾಜಿ ಒಪ್ಪಂದಕ್ಕೆ 2020ರಲ್ಲಿ ಒಪ್ಪಿಗೆ ಸಿಕ್ಕಿತು. ಪದೇ ಪದೇ ರಿಪೇರಿ ಮಾಡಿಸಿದವರಿಗೆ ಪರಿಹಾರ, ಸರಿಹೋಗದ ಕಾರನ್ನು ಕಂಪನಿಯೇ ಕೊಂಡುಕೊಳ್ಳುವಂತೆ ಕೇಳಲು ಒಂದು ದಾರಿ ಅದರಲ್ಲಿ ಇತ್ತು.

ಚೀನಾದ ಉದಾಹರಣೆ ಬೇರೆ ಕಂಪನಿಯದ್ದು, ದೋಷ ಮಾತ್ರ ಇದರ ಹತ್ತಿರದ ಸಂಬಂಧಿ. 2013ರ ಮಾರ್ಚ್ 15ರಂದು ಸರ್ಕಾರಿ ಟಿವಿ ಫೋಕ್ಸ್‌ವ್ಯಾಗನ್‌ನ ಡಬಲ್ ಕ್ಲಚ್ ಗೇರ್‌ಬಾಕ್ಸ್ ಬಗ್ಗೆ ಕಾರ್ಯಕ್ರಮ ಪ್ರಸಾರ ಮಾಡಿತು. ಕೆಲವೇ ದಿನಗಳಲ್ಲಿ 3.84 ಲಕ್ಷ ಕಾರುಗಳ ರೀಕಾಲ್ ಘೋಷಣೆಯಾಯಿತು.

ದಾರಿ ಬೇರೆ ಬೇರೆ. ಆದರೆ ಮೂರೂ ಕಡೆ ಬಿಡಿ ದೂರುಗಳು ಒಟ್ಟಾದ ಮೇಲೆಯೇ ಕಂಪನಿಗಳು ಜಗ್ಗಿದ್ದು.

ನಮ್ಮಲ್ಲಿ ಏನಿದೆ?

ಪವರ್‌ಶಿಫ್ಟ್ ಭಾರತಕ್ಕೂ ಬಂದಿತ್ತು. 2013ರಲ್ಲಿ ಬಿಡುಗಡೆಯಾದ ಇಕೋಸ್ಪೋರ್ಟ್‌ನ ಪೆಟ್ರೋಲ್ ಆಟೋಮ್ಯಾಟಿಕ್‌ನಲ್ಲಿ ಡಬಲ್ ಕ್ಲಚ್ ಇತ್ತು. 2017ರ ಹೊಸ ಆವೃತ್ತಿಯಲ್ಲಿ ಅದರ ಜಾಗಕ್ಕೆ ಹಳೇ ಮಾದರಿಯ ಟಾರ್ಕ್ ಕನ್ವರ್ಟರ್ ಬಂತು. 2021ರ ಸೆಪ್ಟೆಂಬರ್‌ನಲ್ಲಿ ಫೋರ್ಡ್ ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಘೋಷಿಸಿತು.

ನಮ್ಮಲ್ಲಿ ಕಾನೂನು ಇಲ್ಲ ಅಂತಲ್ಲ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ 110ಎ ಸೆಕ್ಷನ್ ಪ್ರಕಾರ ಕೇಂದ್ರ ಸರ್ಕಾರ ರೀಕಾಲ್‌ಗೆ ಆದೇಶಿಸಬಹುದು. 2021ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ನಿಯಮಗಳಲ್ಲಿ 10 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ ದಂಡ ಇದೆ. ಆದರೆ ಷರತ್ತುಗಳನ್ನು ನೋಡಿ. ವಾಹನ 7 ವರ್ಷದೊಳಗಿನದ್ದಾಗಿರಬೇಕು. ದೂರುಗಳ ಸಂಖ್ಯೆ ನಿಗದಿತ ಮಿತಿ ಮುಟ್ಟಬೇಕು. ದೋಷದಿಂದ ಪರಿಸರಕ್ಕೋ, ಗಾಡಿಯಲ್ಲಿ ಇರುವವರಿಗೋ, ರಸ್ತೆಯಲ್ಲಿ ಇರುವವರಿಗೋ ಅಪಾಯ ಇರಬೇಕು. ನಡುಗುವ ಗೇರ್‌ಬಾಕ್ಸ್ 'ಅಪಾಯ'ವೋ, ಬರೀ 'ಕಿರಿಕಿರಿ'ಯೋ? ಹೆದ್ದಾರಿಗೆ ಸೇರುವಾಗ ಲಾರಿ ಮುಂದೆ ಪವರ್ ಹೋದವರನ್ನು ಕೇಳಿ. ಕಂಪನಿಗಳು ಮಾತ್ರ ಇದನ್ನು ಕಿರಿಕಿರಿಯ ಖಾತೆಗೇ ಹಾಕಲು ನೋಡುತ್ತವೆ.

ಇನ್ನೊಂದು ದಾರಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ಇಲ್ಲಿ ಅಡ್ಡ ಬರುವುದು ಪುರಾವೆ. ತಯಾರಿಕೆಯಲ್ಲೇ ದೋಷ ಇದೆ ಎಂದು ಸಾಬೀತು ಮಾಡುವ ಹೊರೆ ಸಾಮಾನ್ಯವಾಗಿ ಗ್ರಾಹಕರ ಮೇಲೆ. ತಜ್ಞರ ವರದಿ ಎಲ್ಲಿಂದ ತರೋದು? ಎಲ್ಲ ಕಾರುಗಳ ರಿಪೇರಿ ದಾಖಲೆ ಇರೋದು ಕಂಪನಿ ಹತ್ತಿರ, ನಿಮ್ಮ ಹತ್ತಿರ ಇರೋದು ನಿಮ್ಮದೊಂದೇ ಫೈಲು. ಮೇಲಾಗಿ, ಕೆಟ್ಟ ಭಾಗ ಬದಲಿಸಿ ಸರಿಪಡಿಸಬಹುದಾದರೆ ಇಡೀ ಕಾರು ಬದಲಿಸಿಕೊಡಬೇಕಿಲ್ಲ ಎಂದು 2006ರಲ್ಲಿ ಮಾರುತಿ ಉದ್ಯೋಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ಒಂದೇ ಕ್ಲಚ್ಚನ್ನು ಮೂರು ಸಲ ಬದಲಿಸಿದರೂ ಅದು 'ರಿಪೇರಿ'ಯೇ.

ಒಂಟಿಯಾಗಿ ಸಾಲದು

ಅದೇ ಕಾಯ್ದೆಯ 35(1)(ಸಿ) ಸೆಕ್ಷನ್ ಒಂದೇ ಸಮಸ್ಯೆ ಇರುವ ಗ್ರಾಹಕರು ಎಲ್ಲರ ಪರವಾಗಿ ದೂರು ಕೊಡಲು ಅವಕಾಶ ಕೊಡುತ್ತೆ. ಬೆಂಗಳೂರಿನ ಫ್ಲ್ಯಾಟ್ ಖರೀದಿದಾರರ ಪ್ರಕರಣವೊಂದರಲ್ಲಿ 2021ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಎಲ್ಲರ ಹಿತಾಸಕ್ತಿಯೂ ಒಂದೇ ಎಂದು ತೋರಿಸಲಾಗದಿದ್ದರೂ ಸೇರಿದಷ್ಟು ಜನ ಜಂಟಿಯಾಗಿ ದೂರು ಕೊಡಬಹುದು ಎಂದಿತು. ಕಾರು ಮಾಲೀಕರೂ ಈ ದಾರಿ ಹಿಡಿಯಬಹುದು. ಹೊಟ್ಟೆಪಾಡಿಗಾಗಿ ತಾವೇ ಓಡಿಸಲು ಟ್ಯಾಕ್ಸಿ ಕೊಂಡವರೂ ಕಾನೂನಿನ ಕಣ್ಣಲ್ಲಿ ಗ್ರಾಹಕರೇ. ಗಾಡಿ ಗ್ಯಾರೇಜಿನಲ್ಲಿ ನಿಂತರೂ ಇಎಂಐ ನಿಲ್ಲದ ಅವರಿಗೆ ಇದು ದುಡಿಮೆಯ ಪ್ರಶ್ನೆ.

ಅದಕ್ಕೇ ಬಾಯಿಮಾತಿನ ದೂರು ಬೇಡ. ಪ್ರತಿ ಸಲವೂ ಜಾಬ್ ಕಾರ್ಡ್‌ನಲ್ಲಿ ನಿಮ್ಮ ಮಾತಿನಲ್ಲೇ ಸಮಸ್ಯೆ ಬರೆಸಿ, ಪ್ರತಿ ಇಟ್ಟುಕೊಳ್ಳಿ. ನಡುಕದ ವಿಡಿಯೋ ಮಾಡಿಕೊಳ್ಳಿ. 'ಇರೋದೇ ಹೀಗೆ' ಅಂದರೆ ಅದನ್ನು ಇಮೇಲ್‌ನಲ್ಲಿ ಕೊಡಿ ಅನ್ನಿ. 1915ಕ್ಕೆ ಕರೆ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದಾಖಲಿಸಿ. ಆಯೋಗಕ್ಕೆ ಹೋಗುವುದಾದರೆ 2 ವರ್ಷದ ಗಡುವು ನೆನಪಿರಲಿ. ದೂರನ್ನು ನೀವಿರುವ ಜಿಲ್ಲೆಯಲ್ಲೇ ಕೊಡಬಹುದು.

ಇಷ್ಟು ಮಾಡಿದರೂ ಮೂಲ ಪ್ರಶ್ನೆ ಉಳಿಯುತ್ತೆ. ಯಾವ ಮಾಡೆಲ್‌ಗೆ ಎಷ್ಟು ದೂರು ಬಂದಿದೆ ಎಂದು ಕಾರು ಕೊಳ್ಳುವ ಮೊದಲೇ ನಮಗೇಕೆ ಗೊತ್ತಾಗಬಾರದು? ಅಮೆರಿಕದಲ್ಲಿ ರಸ್ತೆ ಸುರಕ್ಷತಾ ಸಂಸ್ಥೆಗೆ ಬಂದ ದೂರುಗಳನ್ನು ಯಾರು ಬೇಕಾದರೂ ಮಾಡೆಲ್‌ವಾರು ಓದಬಹುದು. ಇಲ್ಲೂ ಅದು ಬೇಕು ಎಂದು ಕೇಳುವುದು ಕಾರು ಇರುವವರ ಕೆಲಸ ಮಾತ್ರವಲ್ಲ. ಕೈಕೊಟ್ಟ ಕಾರಿನ ಹಿಂದೆ ಬೈಕ್‌ನಲ್ಲಿ ಬರುತ್ತಿರುವವರದ್ದೂ ಹೌದು.