ಕರೆಯದೆ ಬರುವ ಕಡತಗಳು

ಪ್ರಶ್ನೆ: ಅಪರಿಚಿತರು ನನ್ನ ಇಮೇಲಿಗೆ ‘ಬಿಲ್ಲು’, ‘ನೋಟಿಸು’ ಎಂಬ ಹೆಸರಿನ ವರ್ಡ್ ಕಡತಗಳನ್ನು ಕಳುಹಿಸುತ್ತಾರೆ. ತೆರೆದು ನೋಡಿದರೆ ಅಪಾಯವೇ?
– ಓದುಗರೊಬ್ಬರು, ಗುಮ್ಮಳಾಪುರ, ಕೃಷ್ಣಗಿರಿ ಜಿಲ್ಲೆ

ಉತ್ತರ: ಅಪಾಯವುಂಟು. ವರ್ಡ್ ಕಡತವು ಮೇಲ್ನೋಟಕ್ಕೆ ಕೇವಲ ಅಕ್ಷರಗಳ ಸಂಗ್ರಹವೆಂದು ತೋರಿದರೂ, ಅದರ ಗರ್ಭದಲ್ಲಿ ಮ್ಯಾಕ್ರೋ ಎಂಬ ಆಜ್ಞಾಸಮೂಹವು ಅಡಗಿರಬಹುದಾಗಿದ್ದು, ತೆರೆದವರು ಅನುಮತಿಯಿತ್ತೊಡನೆ ಅದು ಗಣಕಯಂತ್ರದಲ್ಲಿ ತನ್ನ ಕಾರ್ಯವನ್ನು ಆರಂಭಿಸುತ್ತದೆ. 1999ರ ಮಾರ್ಚ್ ತಿಂಗಳಲ್ಲಿ ಜಗತ್ತನ್ನು ಕಾಡಿದ ಮೆಲಿಸ್ಸಾ ವೈರಸ್ಸು ಇಂತಹ ಕಡತದಲ್ಲಿಯೇ ಬಂದು, ತೆರೆದವರ ವಿಳಾಸಪಟ್ಟಿಯಲ್ಲಿನ ಮೊದಲ 50 ವಿಳಾಸಗಳಿಗೆ ಅವರ ಹೆಸರಿನಲ್ಲಿಯೇ ತನ್ನ ಪ್ರತಿಯನ್ನು ರವಾನಿಸಿತು. ಆದುದರಿಂದ ಪರಿಚಿತರ ಹೆಸರೊಂದೇ ವಿಶ್ವಾಸಕ್ಕೆ ಆಧಾರವಾಗಲಾರದು. 2022ರಿಂದ ಮೈಕ್ರೋಸಾಫ್ಟ್ ಸಂಸ್ಥೆಯು ಅಂತರಜಾಲದಿಂದ ಬಂದ ಕಡತಗಳ ಮ್ಯಾಕ್ರೋಗಳನ್ನು ತಾನಾಗಿಯೇ ತಡೆಯುವ ಏರ್ಪಾಡು ಮಾಡಿರುವುದಾದರೂ, ಹಳೆಯ ತಂತ್ರಾಂಶವನ್ನು ಬಳಸುವವರಿಗೆ ಆ ರಕ್ಷಣೆ ದೊರೆಯದು.

ಅಪೇಕ್ಷಿಸದ ಕಡತವನ್ನು ತೆರೆಯಬೇಡಿ. ಕಳುಹಿಸಿದವರಿಗೆ ಪ್ರತ್ಯುತ್ತರವನ್ನೂ ಬರೆಯಬೇಡಿ, ಏಕೆಂದರೆ ನಿಮ್ಮ ವಿಳಾಸವು ಜೀವಂತವಾಗಿದೆಯೆಂಬುದಕ್ಕೆ ಅದೇ ಪುರಾವೆಯಾಗುವುದು. ಅಂಚೆಯನ್ನು ಸುಮ್ಮನೆ ಅಳಿಸುವುದಕ್ಕಿಂತ ‘ಸ್ಪ್ಯಾಮ್’ ಎಂದು ಗುರುತಿಸುವುದು ಮೇಲು; ಮುಂದೆ ಬರುವ ಅಂತಹವುಗಳನ್ನು ಬೇರ್ಪಡಿಸಲು ಅದು ನೆರವಾಗುತ್ತದೆ. ಬ್ಯಾಂಕಿನ ಹೆಸರಿನಲ್ಲಿ ಬಂದಿದ್ದರೆ ಪಾಸ್‌ಬುಕ್ಕಿನಲ್ಲಿರುವ ಸಂಖ್ಯೆಗೆ ಕರೆಮಾಡಿ ವಿಚಾರಿಸಿರಿ. ಹಣ ಕಳೆದುಹೋದಲ್ಲಿ ಸಂಕೋಚಪಡದೆ ಕೂಡಲೇ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆಮಾಡಿ ದೂರು ನೀಡಿರಿ.