ಗುಬ್ಬಿ ವೀರಣ್ಣ

ಗುಬ್ಬಿ ಹಂಪಣ್ಣ ವೀರಣ್ಣ (೧೮೯೧–೧೯೭೨) ಕನ್ನಡ ವೃತ್ತಿರಂಗಭೂಮಿಯ ಹಾಸ್ಯನಟ, ನಾಟಕ ಕಂಪನಿಯ ಮಾಲೀಕ ಹಾಗೂ ಚಲನಚಿತ್ರ ನಿರ್ಮಾಪಕ. ನಟರಾಗಿ ಅವರ ಹೆಸರು ಮನೆಮಾತಾಗಿದ್ದರೂ, ಕಲಾವಿದರನ್ನು ಆರಿಸಿ ತಂದು, ಸಂಬಳ ಕೊಟ್ಟು ಸಾಕಿದ ಮಾಲೀಕರಾಗಿ ಅವರು ಮಾಡಿದ ಕೆಲಸ ಅದಕ್ಕಿಂತ ಹಿರಿದು.

ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ ೧೮೮೪ರಲ್ಲಿ ಚಂದಣ್ಣ, ಅಬ್ದುಲ್ ಅಜೀಜ್ ಸಾಹೇಬ್ ಮೊದಲಾದವರು ಶ್ರೀ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘವನ್ನು ಕಟ್ಟಿದರು. ಬಾಲನಟರಾಗಿ ಈ ಸಂಘವನ್ನು ಸೇರಿದ ವೀರಣ್ಣನವರು ೧೯೧೭ರಲ್ಲಿ ಅದರ ಒಡೆಯರಾದರು. ‘ಸದಾರಮೆ’ ನಾಟಕದ ಕಳ್ಳನ ಪಾತ್ರ ಅವರಿಗೆ ಅಪಾರ ಜನಪ್ರಿಯತೆ ತಂದಿತು.

ವೃತ್ತಿ ಕಂಪನಿಯ ಬದುಕು ಟಿಕೆಟ್ ಹಣವನ್ನೇ ನೆಚ್ಚಿಕೊಂಡಿತ್ತು. ಒಂದು ಊರಿನಲ್ಲಿ ಕ್ಯಾಂಪ್ ಹಾಕಿ, ಪ್ರೇಕ್ಷಕರು ಬರುವಷ್ಟು ಕಾಲ ನಾಟಕವಾಡಿ, ಬಳಿಕ ಪರದೆ, ಪೆಟ್ಟಿಗೆ, ಸಂಸಾರಗಳೊಡನೆ ಮುಂದಿನ ಊರಿಗೆ ಹೊರಡಬೇಕಿತ್ತು. ಮಳೆ ಹಿಡಿದು ಆಟ ನಿಂತರೂ ‘ಕಂಪನಿ ಮನೆ’ಯ ಒಲೆ ಆರುವಂತಿರಲಿಲ್ಲ. ನಟರು, ಹಾರ್ಮೋನಿಯಂ ಮಾಸ್ತರರು, ಪರದೆ ಎಳೆಯುವವರು, ಅಡಿಗೆಯವರು ಎಲ್ಲರ ಊಟ ವಸತಿಯೂ ಮಾಲೀಕನ ಹೊಣೆಯೇ. ಇಂತಹ ಅನಿಶ್ಚಿತ ಆದಾಯದ ನಡುವೆಯೂ ವೀರಣ್ಣನವರು ವೆಚ್ಚಕ್ಕೆ ಹಿಂಜರಿಯಲಿಲ್ಲ. ಬಿ. ಪುಟ್ಟಸ್ವಾಮಯ್ಯನವರು ರಚಿಸಿದ ‘ಕುರುಕ್ಷೇತ್ರ’ವನ್ನು ೧೯೩೪ರಲ್ಲಿ ಪ್ರದರ್ಶಿಸಿದಾಗ ಜೀವಂತ ಆನೆ, ಕುದುರೆಗಳನ್ನೇ ರಂಗಕ್ಕೆ ತಂದರು. ಅದ್ದೂರಿತನವೇ ಜನರನ್ನು ಸೆಳೆಯುತ್ತಿತ್ತು. ಮುಂದಿನ ನಾಟಕಕ್ಕೆ ಇನ್ನಷ್ಟು ಬಂಡವಾಳವನ್ನು ಬೇಡುತ್ತಿದ್ದುದೂ ಅದೇ.

ಗಂಡಸರೇ ಸ್ತ್ರೀಪಾತ್ರ ವಹಿಸುವುದು ವಾಡಿಕೆಯಾಗಿದ್ದ ಕಾಲದಲ್ಲಿ ಅವರು ನಟಿಯರಿಗೆ ಸ್ಥಾನ ನೀಡಿದರು. ಪತ್ನಿಯರಾದ ಸುಂದರಮ್ಮ ಮತ್ತು ಬಿ. ಜಯಮ್ಮ ಕಂಪನಿಯ ಪ್ರಮುಖ ಕಲಾವಿದೆಯರಾಗಿದ್ದರು. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ, ಅವರ ಮಗ ಮುತ್ತುರಾಜ್ (ಮುಂದೆ ರಾಜ್‌ಕುಮಾರ್), ಹೊನ್ನಪ್ಪ ಭಾಗವತರ್, ಜಿ. ವಿ. ಅಯ್ಯರ್, ನರಸಿಂಹರಾಜು, ಬಾಲಕೃಷ್ಣ, ಬಿ. ವಿ. ಕಾರಂತ ಇವರೆಲ್ಲ ಈ ಕಂಪನಿಯಲ್ಲಿ ಪಳಗಿದವರು.

ನಾಟಕಕ್ಕೆ ಪ್ರತಿಸ್ಪರ್ಧಿಯಾಗಿ ಬಂದ ಸಿನಿಮಾದಿಂದ ವೀರಣ್ಣನವರು ದೂರ ಸರಿಯಲಿಲ್ಲ. ಮೂಕಿಚಿತ್ರಗಳ ಕಾಲದಲ್ಲೇ ಆ ಉದ್ಯಮಕ್ಕೆ ಕಾಲಿಟ್ಟು, ಮುಂದೆ ‘ಜೀವನ ನಾಟಕ’ (೧೯೪೨), ‘ಹೇಮರೆಡ್ಡಿ ಮಲ್ಲಮ್ಮ’ ಮೊದಲಾದ ವಾಕ್ಚಿತ್ರಗಳಲ್ಲಿ ತೊಡಗಿಕೊಂಡರು. ಅವರ ಗುಬ್ಬಿ ಕರ್ನಾಟಕ ಪ್ರೊಡಕ್ಷನ್ಸ್ ನಿರ್ಮಾಣದಲ್ಲಿ ಪಾಲು ಹೊಂದಿದ್ದ ‘ಬೇಡರ ಕಣ್ಣಪ್ಪ’ವನ್ನು (೧೯೫೪) ಎಚ್. ಎಲ್. ಎನ್. ಸಿಂಹ ನಿರ್ದೇಶಿಸಿದರು. ರಾಜ್‌ಕುಮಾರ್ ನಾಯಕನಟರಾದ ಮೊದಲ ಚಿತ್ರವಿದು. ಕಂಪನಿಯ ರಂಗದಲ್ಲಿ ಬಣ್ಣ ಹಚ್ಚಿದ್ದ ಹುಡುಗ ತೆರೆಯ ಮೇಲೆ ಬಂದದ್ದು ಹೀಗೆ.

ವೀರಣ್ಣನವರ ಆತ್ಮಕಥೆಯ ಹೆಸರು ‘ಕಲೆಯೇ ಕಾಯಕ’. ೧೯೭೨ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಶ್ರೀ ಪ್ರಶಸ್ತಿ ನೀಡಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಅವರು ನಿಧನರಾದರು. ರಂಗಕಲಾವಿದೆ ಬಿ. ಜಯಶ್ರೀ ಅವರ ಮೊಮ್ಮಗಳು.